ಯೋಜನೆಗೆ ಸಿಗುವ ಕಾಡು ಮುಳುಗಡೆಯವರಿಗೆ ಏಕೆ ಸಿಗುವುದಿಲ್ಲ? ಶರಾವತಿ ಕಣಿವೆಯ ಅರುವತ್ತು ವರ್ಷದ ಗಂಟು

2025ರ ಜುಲೈ 14ರಂದು ಸಾಗರ ತಾಲ್ಲೂಕಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಶರಾವತಿ ಹಿನ್ನೀರಿನ ಮೇಲೆ ಕಟ್ಟಿದ 2.44 ಕಿಲೋಮೀಟರ್ ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. ಅದಕ್ಕೆ ಕೆಲವೇ ವಾರ ಮೊದಲು, ಅದೇ ಕಣಿವೆಯಲ್ಲಿ ಉದ್ದೇಶಿಸಿರುವ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಇಳಿಬಿಟ್ಟು ವಿದ್ಯುತ್ ತೆಗೆಯುವ) ಯೋಜನೆಗೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ತಾತ್ವಿಕ ಒಪ್ಪಿಗೆ ಕೊಟ್ಟಿತ್ತು. ಇದೇ ಅವಧಿಯಲ್ಲಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮುಂದೆ ಇನ್ನೊಂದು ಕೋರಿಕೆ ಇಟ್ಟುಕೊಂಡು ನಿಂತಿದೆ: 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ, ಗದ್ದೆ ಬಿಟ್ಟು ಬಂದ ಕುಟುಂಬಗಳು ಈಗ ಸಾಗುವಳಿ ಮಾಡುತ್ತಿರುವ ಒಂಬತ್ತು ಸಾವಿರ ಎಕರೆಗೂ ಮಿಕ್ಕ ಜಮೀನನ್ನು ಅರಣ್ಯದ ಪಟ್ಟಿಯಿಂದ ಕೈಬಿಡಲು ಅನುಮತಿ ಬೇಕು ಎಂಬುದು ಆ ಕೋರಿಕೆ.

ಈ ಮೂರು ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಸಹಜವಾಗಿಯೇ ಗೊಂದಲವಾಗುತ್ತದೆ. ಅಭಯಾರಣ್ಯದೊಳಗೆ ಸುರಂಗ ಕೊರೆಯುವ ಕಡತ ಒಂದೊಂದೇ ಮೆಟ್ಟಿಲು ಹತ್ತಬಹುದಾದರೆ, ಆಗಲೇ ತೋಟ, ಗದ್ದೆ, ಶಾಲೆ, ದೇವಸ್ಥಾನ ಎಲ್ಲ ಎದ್ದುನಿಂತಿರುವ ಊರಿನ ನೆಲಕ್ಕೆ ಹಕ್ಕುಪತ್ರ ಕೊಡಲು ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಏಕೆ ಹೋಗಬೇಕು? ಇದನ್ನು ಬರೀ ರಾಜಕೀಯ ಇಚ್ಛಾಶಕ್ತಿಯ ಕೊರತೆ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಈ ಗಂಟು ಬಿದ್ದಿರುವುದು ಕಾನೂನಿನ ಎರಡು ಪದಗಳಲ್ಲಿ ಮತ್ತು ಕ್ಯಾಲೆಂಡರಿನ ಕೆಲವು ತಾರೀಖುಗಳಲ್ಲಿ. ಅದನ್ನು ಬಿಡಿಸಿ ನೋಡಲು ಅಣೆಕಟ್ಟಿನಿಂದಲೇ ಆರಂಭಿಸಬೇಕು.

ಅಣೆಕಟ್ಟೇ ಮುಳುಗಿದ ಕಣಿವೆ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುವ ಹೊತ್ತಿಗೆ ಹರಿಯುವುದು ಬರೀ 128 ಕಿಲೋಮೀಟರ್. ಇಷ್ಟು ಗಿಡ್ಡ ನದಿ ಘಟ್ಟದಿಂದ ಒಮ್ಮೆಲೇ ಇಳಿಯುತ್ತದೆ. ಜೋಗವೊಂದರಲ್ಲೇ ಅದು 253 ಮೀಟರ್ ಧುಮುಕುತ್ತದೆ. ಸುರಿಯುವ ಮಳೆ ಹೆಚ್ಚು, ಇಳಿಜಾರೂ ಹೆಚ್ಚು. ವಿದ್ಯುತ್ ಎಂಜಿನಿಯರನಿಗೆ ಇದಕ್ಕಿಂತ ಒಳ್ಳೆಯ ಹೊಳೆ ಬೇಕಿಲ್ಲ.

ಮೈಸೂರು ಸಂಸ್ಥಾನದ ಕಾಲದಲ್ಲಿ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. ಅದರ ನೀರಿನಿಂದ 1940ರ ದಶಕದ ಕೊನೆಗೆ ಜೋಗದ ವಿದ್ಯುದಾಗಾರ ನಡೆಯತೊಡಗಿತು. ಇಂದು ಅದು ಮಹಾತ್ಮ ಗಾಂಧಿ ಜಲವಿದ್ಯುದಾಗಾರ. ಸ್ವಾತಂತ್ರ್ಯದ ನಂತರ ಏರುತ್ತಿದ್ದ ಬೇಡಿಕೆಗೆ ಆ ಜಲಾಶಯ ಸಾಲದಾಯಿತು. ಕೆಳಭಾಗದಲ್ಲಿ, ಲಿಂಗನಮಕ್ಕಿಯಲ್ಲಿ, ಇನ್ನೂ ದೊಡ್ಡ ಕಟ್ಟೆ ಕಟ್ಟಿ 1964ರಲ್ಲಿ ನೀರು ನಿಲ್ಲಿಸಿದಾಗ ಊರುಗಳ ಜೊತೆಗೆ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಇಪ್ಪತ್ತು ವರ್ಷವೂ ದುಡಿಯದ ಆ ಕಟ್ಟೆ ಜಲಾಶಯ ತೀರಾ ಇಳಿದ ಬೇಸಿಗೆಗಳಲ್ಲಿ ಈಗಲೂ ಹೊರಗೆ ಕಾಣುತ್ತದೆ. ಕಲ್ಲಿನ ಗೋಡೆ ಬಹುಮಟ್ಟಿಗೆ ಗಟ್ಟಿಯಾಗಿಯೇ ಇದೆ. ಒಡೆದ ಕೆಸರಿನ ನಡುವೆ ಹಳೆಯ ರಸ್ತೆಯ ಗುರುತು, ಕಡಿದ ಮರಗಳ ಬೊಡ್ಡೆ ಕಾಣುತ್ತವೆ. ಮಳೆ ಹಿಡಿದ ಮೇಲೆ ಎಲ್ಲವೂ ಮತ್ತೆ ನೀರಿನಡಿಗೆ.

ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ. ತುಂಬಿದಾಗ ಸುಮಾರು 150 ಟಿಎಂಸಿ ನೀರು ನಿಲ್ಲುತ್ತದೆ, ಸುಮಾರು 300 ಚದರ ಕಿಲೋಮೀಟರ್ ನೆಲ ನೀರಿನಡಿ ಹೋಗುತ್ತದೆ. ಅಣೆಕಟ್ಟಿನ ಬುಡದಲ್ಲಿ 55 ಮೆಗಾವಾಟ್, ತಳಕಳಲೆಯ ಮೂಲಕ ಹಾದು ಶರಾವತಿ ವಿದ್ಯುದಾಗಾರದಲ್ಲಿ 1,035 ಮೆಗಾವಾಟ್, ಜೋಗದ ಹಳೆಯ ವಿದ್ಯುದಾಗಾರದಲ್ಲಿ 139, ಕೊನೆಗೆ ಗೇರುಸೊಪ್ಪೆಯಲ್ಲಿ 240 ಮೆಗಾವಾಟ್ ಸಾಮರ್ಥ್ಯದ ಯಂತ್ರಗಳಿವೆ. ಒಟ್ಟು 1,469 ಮೆಗಾವಾಟ್. ಹೂಡಿದ ಹಣ ಎಂದೋ ತೀರಿರುವ ಕಾರಣ ಇಲ್ಲಿನ ವಿದ್ಯುತ್ ರಾಜ್ಯದ ಅತಿ ಅಗ್ಗದ ವಿದ್ಯುತ್ತುಗಳಲ್ಲಿ ಒಂದು. ಆ ಅಗ್ಗದ ಲೆಕ್ಕದಲ್ಲಿ ಯಾವ ಖರ್ಚು ಸೇರಲಿಲ್ಲ ಎಂಬುದೇ ಇಲ್ಲಿರುವ ಪ್ರಶ್ನೆ.

ಪರಿಹಾರ ಯಾರ ಹೆಸರಿಗೆ ಹೋಯಿತು

ಮುಳುಗಡೆಯ ಮಾತು ಬಂದಾಗ ಸಾಮಾನ್ಯವಾಗಿ ತಪ್ಪಿಹೋಗುವ ಒಂದು ಸಂಗತಿಯಿದೆ. ಸಾಗರ ಸೀಮೆಯಲ್ಲಿ ಆಗ ನೆಲ ಉಳುತ್ತಿದ್ದವರಲ್ಲಿ ಬಹಳ ಜನ ಆ ನೆಲದ ಒಡೆಯರಾಗಿರಲಿಲ್ಲ. ಅವರು ಗೇಣಿದಾರರು, ಅವರಲ್ಲಿ ದೀವರ ಸಮುದಾಯದವರ ಸಂಖ್ಯೆ ದೊಡ್ಡದು. ಇದೇ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹಕ್ಕೆ ಕಿಡಿ ಹತ್ತಿದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ. ಎಚ್. ಗಣಪತಿಯಪ್ಪ ಸಂಘಟಿಸಿದ, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತ, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಆ ಹೋರಾಟ ಉಳುವವನೇ ಹೊಲದೊಡೆಯ ಎಂಬ ಬೇಡಿಕೆಯನ್ನು ರಾಜ್ಯದ ರಾಜಕಾರಣದ ನಡುವಿಗೆ ತಂದಿತು. ಆದರೆ ಆ ಬೇಡಿಕೆ ಪೂರ್ತಿಯಾಗಿ ಕಾನೂನಾದದ್ದು 1974ರ ಭೂಸುಧಾರಣಾ ತಿದ್ದುಪಡಿಯಲ್ಲಿ. ಒಡೆತನ ಕೋರುವ ಫಾರಂ 7 ಅರ್ಜಿ ತುಂಬಿಕೊಟ್ಟ ಗೇಣಿದಾರರು ಒಡೆಯರಾದದ್ದು ಅದರ ನಂತರ.

ಲಿಂಗನಮಕ್ಕಿಯಲ್ಲಿ ನೀರು ನಿಂತದ್ದು 1964ರಲ್ಲಿ. ನಡುವಿನ ಆ ಹತ್ತು ವರ್ಷಗಳ ಅಂತರ ಇಡೀ ಕಥೆಯ ಬುಡದಲ್ಲಿದೆ. ಕಾಗೋಡಿನಲ್ಲಿ ಉಳಿದ ಗೇಣಿದಾರನಿಗೆ 1974ರ ನಂತರ ಅರ್ಜಿ ಹಾಕಲು ಒಂದು ಗದ್ದೆಯಿತ್ತು. ಮುಳುಗಡೆಯ ಗೇಣಿದಾರನ ಗದ್ದೆ ಆ ಹೊತ್ತಿಗೆ ಹತ್ತು ವರ್ಷದಿಂದ ನೀರಿನಲ್ಲಿತ್ತು. ಭೂಸ್ವಾಧೀನದ ಪರಿಹಾರದ ಬಹುಪಾಲು ದಾಖಲೆಯಲ್ಲಿ ಹೆಸರಿದ್ದವರ ಕೈಗೆ ಹೋಗಿತ್ತು. ಹೀಗಾಗಿ ಉಳುತ್ತಿದ್ದವನು ಎರಡು ಸಲ ವಂಚಿತನಾದ: ಮುಳುಗುವಾಗ ಹಣ ಸಿಗಲಿಲ್ಲ, ಕಾನೂನು ಬಂದಾಗ ನೆಲವಿರಲಿಲ್ಲ.

ಹಣದ ಬದಲು ಅವನಿಗೆ ಸಿಕ್ಕಿದ್ದು ಕಾಡಿನ ಜಾಗ. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ, ಭದ್ರಾವತಿ, ಶಿಕಾರಿಪುರ ಹೀಗೆ ಬೇರೆ ಬೇರೆ ತಾಲ್ಲೂಕುಗಳಲ್ಲಿ ಅರಣ್ಯದ ತುಂಡುಗಳನ್ನು ಗುರುತಿಸಿ ಸಾವಿರಾರು ಕುಟುಂಬಗಳನ್ನು ಸಾಮಾನು ಸರಂಜಾಮಿನ ಸಮೇತ ಲಾರಿಗಳಲ್ಲಿ ಸಾಗಿಸಲಾಯಿತು. ಮರ ಕಡಿದು, ನೆಲ ಹಸನು ಮಾಡಿ, ಉತ್ತು ಬೆಳೆದುಕೊಳ್ಳಬೇಕಾದ ಹೊಣೆ ಅವರದಾಯಿತು. ಅಣೆಕಟ್ಟು ನುಂಗಿದ ಕಾಡಿನ ಲೆಕ್ಕ ಹಾಕುವಾಗ ಹಿನ್ನೀರಿನ ವಿಸ್ತೀರ್ಣವನ್ನಷ್ಟೇ ಎಣಿಸುವವರು ಈ ಎರಡನೆಯ ಕಡಿತವನ್ನು ಮರೆಯುತ್ತಾರೆ. ಕಡಿದವರು ರೈತರು ನಿಜ, ಕಡಿಯಲು ಅಲ್ಲಿಗೆ ಕರೆದೊಯ್ದು ಬಿಟ್ಟದ್ದು ಸರ್ಕಾರ.

ಹದಿನಾರು ವರ್ಷ ತೆರೆದಿದ್ದ ಬಾಗಿಲು

ಜಾಗ ತೋರಿಸಿದ ಮೇಲೆ ಆಗಬೇಕಿದ್ದ ಕೆಲಸ ಒಂದೇ. ಅರಣ್ಯ ಇಲಾಖೆಯ ದಾಖಲೆಯಿಂದ ಆ ಸರ್ವೆ ನಂಬರುಗಳನ್ನು ಬಿಡಿಸಿ ಕಂದಾಯ ಇಲಾಖೆಗೆ ವರ್ಗಾಯಿಸಬೇಕಿತ್ತು. 1963ರ ರಾಜ್ಯ ಅರಣ್ಯ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಒಂದು ಪ್ರದೇಶ ಇನ್ನು ಮೀಸಲು ಅರಣ್ಯವಲ್ಲ ಎಂದು ಘೋಷಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೇ ಇದೆ. ಆಗ ಅರಣ್ಯ ರಾಜ್ಯಪಟ್ಟಿಯ ವಿಷಯವಾಗಿತ್ತು. ಬೆಂಗಳೂರಿನಲ್ಲಿ ಒಂದು ಅಧಿಸೂಚನೆ, ರಾಜ್ಯಪತ್ರದಲ್ಲಿ ಅದರ ಪ್ರಕಟಣೆ, ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆ. ದೆಹಲಿಯ ಕಡೆಗೆ ತಲೆ ಎತ್ತಿ ನೋಡುವ ಅಗತ್ಯವೇ ಇರಲಿಲ್ಲ.

ಬಹುಪಾಲು ಜಾಗಗಳಿಗೆ ಅದು ಆಗಲಿಲ್ಲ. ಕಡತ ಕಂದಾಯ ಮತ್ತು ಅರಣ್ಯ ಇಲಾಖೆಗಳ ನಡುವೆ ಉಳಿಯಿತು. ರೈತರು ಕೂಡ ಸರ್ಕಾರವೇ ಕೊಟ್ಟ ಜಾಗ, ಸರ್ಕಾರ ಏಕೆ ಕೇಳೀತು ಎಂದು ಉಳುಮೆ ಮಾಡಿಕೊಂಡು ಹೋದರು. ಅಷ್ಟರಲ್ಲಿ 1976ರ ಸಂವಿಧಾನ ತಿದ್ದುಪಡಿ ಅರಣ್ಯವನ್ನು ಸಮವರ್ತಿ ಪಟ್ಟಿಗೆ ತಂದಿತು. 1980ರ ಅಕ್ಟೋಬರಿನಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಜಾರಿಗೆ ಬಂತು. ಅಂದಿನಿಂದ ಕೇಂದ್ರದ ಪೂರ್ವಾನುಮತಿಯಿಲ್ಲದೆ ಯಾವ ರಾಜ್ಯವೂ ಮೀಸಲು ಅರಣ್ಯವನ್ನು ಪಟ್ಟಿಯಿಂದ ಕೈಬಿಡುವಂತಿಲ್ಲ, ಅರಣ್ಯೇತರ ಕೆಲಸಕ್ಕೆ ಕೊಡುವಂತೆಯೂ ಇಲ್ಲ.

1964ರಿಂದ 1980ರವರೆಗೆ ಹದಿನಾರು ವರ್ಷ ತೆರೆದಿದ್ದ ಬಾಗಿಲು ಹೀಗೆ ಮುಚ್ಚಿತು. ಈ ಲೇಖನ ಒತ್ತಿ ಹೇಳಬೇಕಿರುವ ಮಾತು ಇದು: ಇಂದಿನ ತೊಡಕಿಗೆ ಅರಣ್ಯ ಕಾನೂನಿನ ಬಿಗಿ ಕಾರಣ ಎನ್ನುವುದು ಅರ್ಧ ನಿಜ. ಆ ಕಾನೂನು ಬರುವ ಮೊದಲು ಮುಗಿಸಬಹುದಾಗಿದ್ದ ಗುಮಾಸ್ತಿಕೆಯ ಕೆಲಸವನ್ನು ಮುಗಿಸದೇ ಬಿಟ್ಟದ್ದು ಉಳಿದರ್ಧ.

56 ಅಧಿಸೂಚನೆಗಳು ಬಿದ್ದುಹೋದ ಬಗೆ

1990ರ ದಶಕದ ನಡುಭಾಗದಲ್ಲಿ ಮತ್ತು 2015ರಿಂದ 2017ರ ನಡುವೆ ರಾಜ್ಯ ಸರ್ಕಾರ ತನ್ನ ಹಳೆಯ ಅಧಿಕಾರವನ್ನೇ ಬಳಸಿ ಒಟ್ಟು 56 ಅಧಿಸೂಚನೆಗಳನ್ನು ಹೊರಡಿಸಿತು. ಮುಳುಗಡೆ ಸಂತ್ರಸ್ತರ ಜಾಗಗಳನ್ನು ಅರಣ್ಯದಿಂದ ಕೈಬಿಟ್ಟಿರುವುದಾಗಿ ಅವು ಹೇಳಿದವು. ಹಲವು ಕುಟುಂಬಗಳಿಗೆ ಹಕ್ಕುಪತ್ರವೂ ಬಂತು. ಆದರೆ ಕೇಂದ್ರದ ಪೂರ್ವಾನುಮತಿ ಇರಲಿಲ್ಲ. ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ಮೇಲೆ 2021ರಲ್ಲಿ ಹೈಕೋರ್ಟ್ 2017ರ ಅಧಿಸೂಚನೆಯನ್ನು ರದ್ದು ಮಾಡಿತು. ಅದೇ ದೋಷ ಉಳಿದವಕ್ಕೂ ಅಂಟಿದ್ದರಿಂದ ಅದೇ ವರ್ಷ ಸರ್ಕಾರವೇ 56ನ್ನೂ ಹಿಂತೆಗೆದುಕೊಂಡಿತು.

ಪರಿಣಾಮವನ್ನು ಒಂದು ಪಹಣಿಯಲ್ಲಿ ನೋಡಬಹುದು. 9ನೇ ಕಲಂನಲ್ಲಿ ಸ್ವಾಧೀನದಾರನ ಹೆಸರು ಇರಬೇಕು. ರೈತನ ಹೆಸರು ಬಂದಿದ್ದ ಕಡೆ ಮತ್ತೆ ಸರ್ಕಾರ, ಅರಣ್ಯ ಎಂದು ನಮೂದಾಗುವ ಭಯ ಹುಟ್ಟಿತು. ಹೆಸರೇ ಬಾರದಿದ್ದ ಕಡೆ ಅದು ಬರುವ ದಾರಿ ಮುಚ್ಚಿತು. ಪಹಣಿಯಲ್ಲಿ ಹೆಸರಿಲ್ಲದವನಿಗೆ ಸೊಸೈಟಿಯಲ್ಲಿ ಬೆಳೆಸಾಲವಿಲ್ಲ, ಅಡಿಕೆಗೆ ಕೊಳೆ ಬಂದರೆ ವಿಮೆಯಿಲ್ಲ, ಅಣ್ಣತಮ್ಮಂದಿರ ಹಿಸ್ಸೆ ಕಾಗದದ ಮೇಲೆ ಆಗುವುದಿಲ್ಲ, ಮಗಳ ಮದುವೆಗೆ ಒಂದೆಕರೆ ಮಾರುವಂತಿಲ್ಲ. ಅರಣ್ಯ ಇಲಾಖೆಯ ಕಣ್ಣಿಗೆ ಅವನು ಒತ್ತುವರಿದಾರ. ಅವನ ತಾತನನ್ನು ಆ ಜಾಗಕ್ಕೆ ತಂದು ಇಳಿಸಿದ್ದು ಇದೇ ಸರ್ಕಾರದ ಲಾರಿ.

2022ರ ನವೆಂಬರಿನಲ್ಲಿ ಆಗಿನ ವಿರೋಧ ಪಕ್ಷ ಆಯನೂರಿನಿಂದ ಶಿವಮೊಗ್ಗಕ್ಕೆ ಪಾದಯಾತ್ರೆ ನಡೆಸಿದ್ದು ಈ ಬೆಳವಣಿಗೆಯ ಬೆನ್ನಿಗೆ. ಮರುವರ್ಷ ಅದೇ ಪಕ್ಷ ಅಧಿಕಾರಕ್ಕೆ ಬಂತು. ಕಾನೂನಿನ ಗೋಡೆ ಇದ್ದಲ್ಲೇ ಇತ್ತು.

ಬಳಕೆಗೆ ಕೊಡುವುದು ಬೇರೆ, ಪಟ್ಟಿಯಿಂದ ತೆಗೆಯುವುದು ಬೇರೆ

ಈಗ ಆರಂಭದ ಪ್ರಶ್ನೆಗೆ ಬರಬಹುದು. ರಸ್ತೆ, ಗಣಿ, ವಿದ್ಯುತ್ ಯೋಜನೆಗಳಿಗೆ ಕಾಡು ಸಿಗುವುದು ಅರಣ್ಯೇತರ ಬಳಕೆಗೆ ಅನುಮತಿ ಎಂಬ ದಾರಿಯಲ್ಲಿ. ಅಲ್ಲಿ ಮರ ಕಡಿದರೂ, ಸುರಂಗ ಕೊರೆದರೂ, ಕಟ್ಟಡ ಎದ್ದರೂ ಕಾನೂನಿನ ಪ್ರಕಾರ ಆ ನೆಲದ ಸ್ಥಾನ ಅರಣ್ಯವೆಂದೇ ಉಳಿಯುತ್ತದೆ. ಯೋಜನೆಯವರು ಬಳಕೆದಾರರು ಮಾತ್ರ. ಅವರು ಕಾಡಿನ ಬೆಲೆ ಕಟ್ಟುತ್ತಾರೆ, ಪರ್ಯಾಯ ಅರಣ್ಯ ಬೆಳೆಸಲು ಜಾಗ ಮತ್ತು ಹಣ ಒದಗಿಸುತ್ತಾರೆ, ಷರತ್ತುಗಳಿಗೆ ಒಪ್ಪುತ್ತಾರೆ. ಇದು ಕಷ್ಟದ ದಾರಿಯಾದರೂ ನಡೆದು ಸವೆದ ದಾರಿ.

ರೈತನಿಗೆ ಬೇಕಿರುವುದು ಬಳಕೆಯ ಅನುಮತಿಯಲ್ಲ, ಒಡೆತನ. ಒಡೆತನ ಬರಬೇಕಾದರೆ ಆ ನೆಲ ಅರಣ್ಯ ಎಂಬ ಸ್ಥಾನವನ್ನೇ ಕಳೆದುಕೊಳ್ಳಬೇಕು. ಅಧಿಕಾರಿಗಳು ಡಿ-ರಿಸರ್ವೇಷನ್, ಡಿನೋಟಿಫಿಕೇಷನ್ ಎನ್ನುವುದು ಇದಕ್ಕೇ. 2000ದ ನವೆಂಬರ್ 13ರಂದು ಸುಪ್ರೀಂ ಕೋರ್ಟ್, ತನ್ನ ಮುಂದಿನ ಆದೇಶದವರೆಗೆ ಅರಣ್ಯ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳನ್ನು ಪಟ್ಟಿಯಿಂದ ಕೈಬಿಡಬಾರದು ಎಂದು ಮಧ್ಯಂತರ ಆದೇಶ ನೀಡಿತು. ಹಾಗಾಗಿ ಕೇಂದ್ರ ಒಪ್ಪಿದರೂ ಸಾಲದು, ನ್ಯಾಯಾಲಯವೂ ಒಪ್ಪಬೇಕು. ಸಾವಿರಾರು ಕೋಟಿಯ ಯೋಜನೆಯ ಅರಣ್ಯ ಅನುಮತಿಗೆ ಒಂದು ಬೀಗವಾದರೆ ಎರಡೆಕರೆಯ ರೈತನಿಗೆ ಎರಡು ಬೀಗ.

ಈ ದಾರಿಯಲ್ಲಿ ಹಿಂದೆ ಯಾರೂ ನಡೆದಿಲ್ಲವೆಂದಲ್ಲ. 1978ರ ಏಪ್ರಿಲ್ 27ಕ್ಕೆ ಮುಂಚಿನ ಅರಣ್ಯ ಒತ್ತುವರಿಗಳನ್ನು ಸಕ್ರಮಗೊಳಿಸಲು ಕರ್ನಾಟಕದ ಕೋರಿಕೆಗೆ ಕೇಂದ್ರ 1996ರಲ್ಲಿ ಒಪ್ಪಿಗೆ ಕೊಟ್ಟಿತು. ಅದರ ವಿಸ್ತೀರ್ಣ 14,848 ಹೆಕ್ಟೇರ್. ತಾವಾಗಿಯೇ ಕಾಡಿಗೆ ನುಗ್ಗಿದವರ ಪಟ್ಟಿ ಕ್ರಮಬದ್ಧವಾಗಿ ದೆಹಲಿಗೆ ಹೋಯಿತು. ಸರ್ಕಾರವೇ ಕರೆದು ಕೂರಿಸಿದವರ ಪಟ್ಟಿಗೆ ಪ್ರತ್ಯೇಕ ದಾರಿ ಹುಡುಕುತ್ತಾ ಹೋಗಿ ಅದು ಕೇಂದ್ರವನ್ನು ತಪ್ಪಿಸುವ ಅಧಿಸೂಚನೆಗಳಲ್ಲಿ ಕೊನೆಗೊಂಡಿತು. ವಿಪರ್ಯಾಸ ಎಂಬ ಮಾತನ್ನು ಪತ್ರಿಕೆಗಳು ಸಿಕ್ಕಸಿಕ್ಕಲ್ಲಿ ಬಳಸುತ್ತವೆ. ಇಲ್ಲಿ ಬಳಸಿದರೆ ತಪ್ಪಾಗಲಾರದು.

ಅರಣ್ಯ ಹಕ್ಕು ಕಾಯ್ದೆ ನೆರವಾಗದೇ?

2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದಲ್ಲ ಎಂದು ಹಲವರು ಕೇಳುತ್ತಾರೆ. ಪರಿಶಿಷ್ಟ ಪಂಗಡಕ್ಕೆ ಸೇರದ ಇತರ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ. ಮುಳುಗಡೆಯವರು ಈಗಿನ ಜಾಗಕ್ಕೆ ಬಂದದ್ದೇ ಅದಾದ ಮೂವತ್ತು ವರ್ಷದ ಮೇಲೆ. ಅದಕ್ಕೂ ಹಿಂದೆ ಅವರು ತಲೆತಲಾಂತರದಿಂದ ನೆಲೆಸಿದ್ದ ಊರು ಈಗ ಹಿನ್ನೀರು. ಆ ದಾರಿ ಬಹುಮಂದಿಗೆ ಅಲ್ಲಿಗೇ ನಿಲ್ಲುತ್ತದೆ.

ದ್ವೀಪದ ಬದುಕು, ಸೇತುವೆಯ ನಂತರ

ಬೇರೆ ಕಡೆ ಹೋದವರ ಕಥೆ ಹೀಗಾದರೆ ಉಳಿದವರದು ಇನ್ನೊಂದು. ನೀರು ಏರಿದ ಮೇಲೆ ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳ ಊರುಗಳು ತಾಲ್ಲೂಕು ಕೇಂದ್ರದಿಂದ ಕಡಿದುಹೋದವು. ಅಲ್ಲಿನ ತುಮರಿಯವರಿಗೆ ಸಾಗರದ ದಾರಿಯೆಂದರೆ ಹೊಳೆಬಾಗಿಲಿನ ಲಾಂಚ್ ಆಗಿತ್ತು. ಸಂಜೆ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಘಟ್ಟ, ಕಾಡು ಸುತ್ತುವ ದಾರಿಯೇ ಗತಿಯಾಗಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಸಿಗಂದೂರು ದೇವಸ್ಥಾನಕ್ಕೆ ಬರುವ ಭಕ್ತರ ಸಂಖ್ಯೆ ಬೆಳೆದ ಮೇಲೆ ರಾಜ್ಯದ ಉಳಿದ ಭಾಗಕ್ಕೆ ಈ ಪಡಿಪಾಟಲು ಕಂಡಿತು. ಸುಮಾರು 473 ಕೋಟಿ ರೂಪಾಯಿಯ ಸೇತುವೆ ಇದನ್ನು ಮುಗಿಸಿದೆ. ಆದರೆ ಸೇತುವೆ ದಾಟಿದರೆ ಸಿಗುವ ಸಾಗುವಳಿ ನೆಲದ ಪಹಣಿಯ ತಕರಾರು ಸೇತುವೆಯಿಂದ ಬಗೆಹರಿಯುವಂಥದ್ದಲ್ಲ. ದಾರಿ ಸುಲಭವಾದಷ್ಟೂ ನೆಲದ ಬೆಲೆ ಏರುತ್ತದೆ, ರೆಸಾರ್ಟ್‌ನವರು ಬರುತ್ತಾರೆ, ಹಕ್ಕುಪತ್ರ ಇಲ್ಲದವನ ಸ್ಥಿತಿ ಮೊದಲಿಗಿಂತ ನಾಜೂಕಾಗುತ್ತದೆ.

ಅಳಿವೆಯಲ್ಲಿ ಉಪ್ಪು ಕಡಿಮೆಯಾದದ್ದು

ಅಣೆಕಟ್ಟು ಕಟ್ಟಿದರೆ ಕೆಳಗೆ ನೀರು ಬತ್ತುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಜೋಗದ ಬಂಡೆಗಳ ಮಟ್ಟಿಗೆ ಅದು ನಿಜ. ಬೇಸಿಗೆಯಲ್ಲಿ ಅಲ್ಲಿಗೆ ಹೋದವರು ನೀರಿಗಿಂತ ಹೆಚ್ಚು ಬಂಡೆಯನ್ನೇ ನೋಡಿ ಬರುತ್ತಾರೆ. ಹೊನ್ನಾವರದ ಅಳಿವೆಯಲ್ಲಿ ಆದದ್ದು ಇದರ ತದ್ವಿರುದ್ಧ. ವಿದ್ಯುತ್ತಿಗಾಗಿ ವರ್ಷವಿಡೀ ಬಿಡುವ ನೀರು ಕಡು ಬೇಸಿಗೆಯಲ್ಲೂ ಹೊಳೆಯ ಬಾಯಿಗೆ ಬಂದು ಬೀಳುತ್ತದೆ. ಸಹಜವಾದ ಹೊಳೆಯಲ್ಲಿ ಮಳೆಗಾಲ ಮುಗಿದ ಮೇಲೆ ಹರಿವು ಕುಗ್ಗಿ, ಭರತದ ಉಪ್ಪುನೀರು ಮೈಲಿಗಟ್ಟಲೆ ಒಳಗೆ ಏರುತ್ತದೆ. ಆ ಉಪ್ಪಿಗೆ ಹೊಂದಿಕೊಂಡೇ ಚಿಪ್ಪಿಕಲ್ಲು, ಸಿಗಡಿ, ನಾನಾ ಬಗೆಯ ಮೀನು ಬೆಳೆಯುತ್ತವೆ. ಶರಾವತಿಯಲ್ಲಿ ಆ ಉಪ್ಪು ಏರುವುದಕ್ಕೆ ಸಿಹಿನೀರು ಬಿಡುವುದಿಲ್ಲ.

ಹೋಲಿಕೆ ದೂರ ಹುಡುಕಬೇಕಿಲ್ಲ. ಉತ್ತರಕ್ಕೆ ಕುಮಟಾದ ಬಳಿ ಅಘನಾಶಿನಿ ಇದೆ. ಅದಕ್ಕೆ ದೊಡ್ಡ ಅಣೆಕಟ್ಟಿಲ್ಲ. ಅಲ್ಲಿನ ಗಜನಿಗಳಲ್ಲಿ, ಅಂದರೆ ಅಳಿವೆಯಂಚಿನ ಗದ್ದೆಗಳಲ್ಲಿ, ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ, ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಚಿಪ್ಪಿ ಆಯುತ್ತಾರೆ. ಎರಡೂ ಅಳಿವೆಗಳನ್ನು ಅಧ್ಯಯನ ಮಾಡಿದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಶರಾವತಿಯಲ್ಲಿ ಮೀನು ಮತ್ತು ಚಿಪ್ಪಿಗಳ ವೈವಿಧ್ಯ ಅಘನಾಶಿನಿಗಿಂತ ಕಡಿಮೆ ಇರುವುದನ್ನು ದಾಖಲಿಸಿ, ಅದಕ್ಕೆ ವಿದ್ಯುದಾಗಾರಗಳ ಸಿಹಿನೀರನ್ನು ಕಾರಣವಾಗಿ ತೋರಿಸಿದ್ದಾರೆ. ಈ ಮೀನುಗಾರರನ್ನು ಯಾರೂ ಸಂತ್ರಸ್ತರ ಪಟ್ಟಿಗೆ ಸೇರಿಸಲಿಲ್ಲ. ಅವರ ಮನೆ ಮುಳುಗಿರಲಿಲ್ಲವಲ್ಲ.

ಮೇಲ್ಭಾಗದಲ್ಲಿ ನಷ್ಟ ಬೇರೆ ಬಗೆಯದು. ಘಟ್ಟದ ಹಸಿರು ತುಂಡುತುಂಡಾಯಿತು. ಕತ್ತಲೆಕಾನಿನಂಥ ಕಡೆ ಉಳಿದಿರುವ ರಾಮಪತ್ರೆ ಜಡ್ಡಿಗಳು (ರಾಮಪತ್ರೆ ಮರಗಳ ಜೌಗು ಕಾಡುಗಳು), ಮರದಿಂದ ಮರಕ್ಕೆ ಹಾರಿಯೇ ಬದುಕುವ ಸಿಂಗಳೀಕಗಳು ಈ ತುಂಡುಗಳಲ್ಲಿ ಸಿಕ್ಕಿಕೊಂಡವು. 1972ರಲ್ಲಿ ಶರಾವತಿ ಕಣಿವೆ ಅಭಯಾರಣ್ಯ ಘೋಷಣೆಯಾಯಿತು. 2019ರಲ್ಲಿ ಅಕ್ಕಪಕ್ಕದ ಕಾಡನ್ನು ಸೇರಿಸಿ 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯವಾಗಿ ವಿಸ್ತರಿಸಲಾಯಿತು. ರಕ್ಷಣೆ ಬೇಕಾಗಿಯೇ ಇತ್ತು. ಆದರೆ ಅದರ ಗಡಿ ಎಳೆದಾಗ ಹಿನ್ನೀರಿನ ದಂಡೆಯಲ್ಲಿ ಉಳಿದವರ ಮೇಲೆ ಅರಣ್ಯ ಕಾಯ್ದೆಯ ಜೊತೆಗೆ ವನ್ಯಜೀವಿ ಕಾಯ್ದೆಯೂ ಬಂದು ಕುಳಿತಿತು.

ಪಂಪ್ಡ್ ಸ್ಟೋರೇಜ್: ಎರಡೂ ಕಡೆಯ ವಾದ

ಹೊಸ ಯೋಜನೆಯ ಕೆಲಸದ ಬಗೆ ಸರಳ. ತಳಕಳಲೆ ಮೇಲಿನ ಕೊಳ, ಗೇರುಸೊಪ್ಪೆ ಕೆಳಗಿನ ಕೊಳ. ನಡುವೆ ನಾನೂರು ಮೀಟರಿಗೂ ಮಿಕ್ಕ ಎತ್ತರದ ಅಂತರ. ಹಗಲು ಸೌರವಿದ್ಯುತ್ ಹೆಚ್ಚಾಗಿರುವಾಗ ಕೆಳಗಿನ ನೀರನ್ನು ಮೇಲಕ್ಕೆತ್ತಿ, ಸಂಜೆ ಬೇಡಿಕೆ ಏರಿದಾಗ ಅದನ್ನೇ ಇಳಿಬಿಟ್ಟು ವಿದ್ಯುತ್ ತೆಗೆಯುವುದು. ತಲಾ 250 ಮೆಗಾವಾಟ್‌ನ ಎಂಟು ಯಂತ್ರಗಳು ಭೂಗರ್ಭದಲ್ಲಿ ಕೂರುತ್ತವೆ.

ಪರವಾಗಿರುವವರು ಹೇಳುವುದು ಹಗುರವಾದ ಮಾತಲ್ಲ. ಹೊಸ ಅಣೆಕಟ್ಟಿಲ್ಲ, ಹೊಸ ಮುಳುಗಡೆಯಿಲ್ಲ, ಇರುವ ಎರಡು ಜಲಾಶಯಗಳೇ ಸಾಕು. ಪಾವಗಡದಂಥ ಸೌರ ಉದ್ಯಾನಗಳು ಮಧ್ಯಾಹ್ನ ಕೊಡುವ ವಿದ್ಯುತ್ ರಾತ್ರಿಗೆ ಉಳಿಯುವುದಿಲ್ಲ. ಅದನ್ನು ಕೂಡಿಡುವ ವ್ಯವಸ್ಥೆ ಇಲ್ಲದಿದ್ದರೆ ಸಂಜೆಯ ಹೊರೆಗೆ ಕಲ್ಲಿದ್ದಲನ್ನೇ ಸುಡಬೇಕಾಗುತ್ತದೆ.

ವಿರೋಧಿಸುವವರ ಲೆಕ್ಕ ಹೀಗಿದೆ. ಈ ಯೋಜನೆ ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ. ನೀರೆತ್ತಲು ಬಳಸಿದ್ದರಲ್ಲಿ ಸುಮಾರು ಐದನೆಯ ಒಂದು ಭಾಗ ಕಳೆದೇ ವಾಪಸು ಬರುತ್ತದೆ. ಸುಮಾರು 54 ಹೆಕ್ಟೇರ್ ಅರಣ್ಯ, ಹದಿನೈದು ಸಾವಿರಕ್ಕೂ ಹೆಚ್ಚು ಮರಗಳು ಹೋಗುತ್ತವೆ, ಅದೂ ಸಿಂಗಳೀಕದ ನೆಲೆಯ ನಡುವೆ. ಮರಗಳ ತಲೆಗಳು ಒಂದಕ್ಕೊಂದು ಕೂಡಿದ್ದರೆ ಮಾತ್ರ ಸಾಗುವ ಪ್ರಾಣಿಗೆ ಒಂದು ಅಗಲವಾದ ರಸ್ತೆಯೂ ಹೊಳೆಯಷ್ಟೇ ದೊಡ್ಡ ತಡೆ. ಕಡಿದಾದ ಘಟ್ಟದಲ್ಲಿ ಸ್ಫೋಟ, ಸುರಂಗ, ಮಣ್ಣಿನ ರಾಶಿ ಸೇರಿದರೆ ಭೂಕುಸಿತದ ಅಪಾಯ ಹೆಚ್ಚುತ್ತದೆ. ಬ್ಯಾಟರಿ ಸಂಗ್ರಹದ ಬೆಲೆ ಇಳಿಯುತ್ತಿರುವಾಗ ಹತ್ತು ಸಾವಿರ ಕೋಟಿ ರೂಪಾಯಿಯ ಆಸುಪಾಸಿನ ವೆಚ್ಚಕ್ಕೆ ಇದೇ ಜಾಗ ಏಕೆ ಎಂಬುದು ಅವರ ಪ್ರಶ್ನೆ.

ವನ್ಯಜೀವಿ ಮಂಡಳಿಯ ತಾತ್ವಿಕ ಒಪ್ಪಿಗೆಯನ್ನು ಅಂತಿಮ ಒಪ್ಪಿಗೆಯೆಂದು ಓದಿಕೊಂಡವರು ಬಹಳ. ಅರಣ್ಯ ಅನುಮತಿಯ ಹಂತ ಅದರಾಚೆಗಿದೆ. ಸ್ಥಳ ಪರಿಶೀಲನೆಯಲ್ಲಿ ಆಕ್ಷೇಪಗಳು ಬಂದ ಕಾರಣ ಕೇಂದ್ರದ ಅರಣ್ಯ ಸಲಹಾ ಸಮಿತಿ 2025ರ ಕೊನೆಯ ಭಾಗದಲ್ಲಿ ಕಡತವನ್ನು ಮುಂದೂಡಿತು. ಇದಕ್ಕೂ ಮುಂಚೆ, 2019ರಲ್ಲಿ, ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವದ ವಿರುದ್ಧ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತ್ತು. ಪ್ರತಿ ಹೊಸ ಪ್ರಸ್ತಾವಕ್ಕೂ ಕಣಿವೆ ಇಷ್ಟು ಬೇಗ ಸಿಡಿದೇಳುವುದು ಏಕೆಂದು ಬೆಂಗಳೂರಿನವರಿಗೆ ಅರ್ಥವಾಗದಿದ್ದರೆ, ಉತ್ತರ ಹಳೆಯ ಲೆಕ್ಕ ಚುಕ್ತಾ ಆಗದಿರುವುದರಲ್ಲಿದೆ.

ಮುಂದೆ ಏನಾಗಬಹುದು

ಹಕ್ಕುಪತ್ರದ ವಿಷಯದಲ್ಲಿ ಪರಿಸರ ಹೋರಾಟಗಾರರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಮುಳುಗಡೆಯ ಹೆಸರಿನಲ್ಲಿ ಮುಳುಗಡೆಗೆ ಸಂಬಂಧವೇ ಇಲ್ಲದ ಒತ್ತುವರಿಗಳೂ ಸಕ್ರಮವಾಗಬಹುದು, ಇಲ್ಲಿ ಬಾಗಿಲು ತೆರೆದರೆ ಬೇರೆ ರಾಜ್ಯಗಳೂ ಸಾಲು ನಿಲ್ಲಬಹುದು ಎಂಬುದು ಅವರ ವಾದ. ಸಂತ್ರಸ್ತರ ಪರ ನಿಂತವರು, ಇದು ಹೊಸದಾಗಿ ಕಾಡು ಕೊಡುವ ಮಾತಲ್ಲ, 1960ರ ದಶಕದಲ್ಲಿ ಕೊಟ್ಟದ್ದನ್ನು ಕಾಗದಕ್ಕೆ ಇಳಿಸುವ ಮಾತು ಎನ್ನುತ್ತಾರೆ. ಎರಡೂ ನಿಜವಾಗಿರಲು ಸಾಧ್ಯ. ಯಾವುದು ಎಲ್ಲಿ ನಿಜ ಎಂಬುದನ್ನು ತೀರ್ಮಾನಿಸುವುದು ಅಂದಿನ ಮಂಜೂರಾತಿ ಪಟ್ಟಿ ಮತ್ತು ಇಂದಿನ ಜಂಟಿ ಸರ್ವೆ.

ನ್ಯಾಯಾಲಯ ಒಪ್ಪಿದರೂ ಷರತ್ತುಗಳು ಇರುತ್ತವೆ. ಕೈಬಿಡುವ ಕಾಡಿಗೆ ಬದಲಾಗಿ ಬೇರೆ ಜಾಗ ತೋರಿಸಬೇಕಾಗಬಹುದು, ಕಾಡಿನ ನಿವ್ವಳ ಮೌಲ್ಯವನ್ನೂ ಕಟ್ಟಬೇಕಾಗಬಹುದು. ಹೆಕ್ಟೇರಿಗೆ ಹತ್ತು ಲಕ್ಷ ರೂಪಾಯಿಯ ಆಸುಪಾಸು ಎಂದು ಹಿಡಿದರೂ ಒಂಬತ್ತು ಸಾವಿರ ಎಕರೆಗೆ 360 ಕೋಟಿಗೂ ಹೆಚ್ಚಾಗುತ್ತದೆ. ಸೇತುವೆಗೆ ಖರ್ಚಾದದ್ದಕ್ಕಿಂತ ಇದು ಕಡಿಮೆ. ಅರುವತ್ತು ವರ್ಷ ಈ ಕಣಿವೆಯ ನೀರಿನಿಂದ ವಿದ್ಯುತ್ ಮಾರಿದ ರಾಜ್ಯಕ್ಕೆ ಹೊರಲಾಗದ ಹೊರೆಯೂ ಅಲ್ಲ. ಇದನ್ನು ರೈತರ ತಲೆಗೆ ಕಟ್ಟುವ ಪ್ರಸ್ತಾವ ಬಂದರೆ ಮಾತ್ರ ಅದು ಮತ್ತೊಂದು ಅನ್ಯಾಯವಾದೀತು.

ನ್ಯಾಯಾಲಯ ಒಪ್ಪದಿದ್ದರೆ ಉಳಿಯುವುದು ಇಂದಿನ ಸ್ಥಿತಿಯೇ: ಒಕ್ಕಲೆಬ್ಬಿಸುವುದಿಲ್ಲ ಎಂಬ ಭರವಸೆ, ಆಗಾಗ ಅರಣ್ಯ ಇಲಾಖೆಯ ನೋಟಿಸು, ಚುನಾವಣೆಗೊಂದು ಪಾದಯಾತ್ರೆ.

ಒಪ್ಪಿಗೆ ಬಂದ ದಿನವೂ ಕೆಲಸ ಮುಗಿಯುವುದಿಲ್ಲ. ಅಂದು ಜಾಗ ತೋರಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ತೀರಿಕೊಂಡಿದ್ದಾರೆ. ಖಾತೆಯೇ ಇಲ್ಲದ ನೆಲಕ್ಕೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿಲ್ಲ. ಮೂರು ತಲೆಮಾರಿನಲ್ಲಿ ಒಂದು ಜಾಗ ಐದಾರು ಬೇಲಿಗಳಾಗಿ ಒಡೆದಿದೆ, ಕೆಲವೆಡೆ ಬರೀ ಮಾತಿನ ಮೇಲೆ ಕೈಬದಲಾಗಿದೆ. ಯಾವ ಹೆಸರಿಗೆ ಹಕ್ಕುಪತ್ರ ಬರೆಯಬೇಕೆಂದು ವಂಶವೃಕ್ಷ ಹಿಡಿದು ಒಂದೊಂದೇ ಮನೆಯ ಮುಂದೆ ಗ್ರಾಮ ಆಡಳಿತಾಧಿಕಾರಿ ಕೂರಬೇಕಾಗುತ್ತದೆ.